0.1 ಎಂ.ಎಲ್. ಲೆಕ್ಕ

ಫಾರ್ಮಸಿ ಓದು (ಫಾರ್ಮ್.ಡಿ.) ಮುಗಿಸಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದ (ಎನ್‌ಐಸಿಯು) ರೌಂಡ್ಸ್‌ಗೆ ಹೋಗತೊಡಗಿದ ಹೊಸತರಲ್ಲಿ ಸಿಸ್ಟರ್‌ಗಳು ನನ್ನನ್ನು ಕೇಳುತ್ತಿದ್ದುದು ಒಂದೇ: "ಸ್ಟಾಕ್ ಬಂತಾ?" ಅವರದೇನೂ ತಪ್ಪಿಲ್ಲ. ಫಾರ್ಮಸಿಸ್ಟ್ ಅಂದರೆ ಕಿಟಕಿಯಾಚೆ ನಿಂತು ಚೀಟಿ ನೋಡಿ ಔಷಧಿ ಕೊಡುವವನು ತಾನೆ?

ಮೊದಲ ತಿಂಗಳು ಕೇಸ್‌ಶೀಟ್ ಹಿಡಿದು ಡೋಸ್ ತಾಳೆ ನೋಡಿದ್ದೇ ಆಯಿತು. 900 ಗ್ರಾಂ ಮಗುವಿಗೆ ಅಮಿಕಾಸಿನ್ ಎಂಬ ಆ್ಯಂಟಿಬಯೋಟಿಕ್, ಕಿಲೋಗೆ 15ರಂತೆ 13.5 ಮಿ.ಗ್ರಾಂ. ಸರಿ, ಟಿಕ್, ಮುಂದಿನ ಮಗು. ಒಂದು ರಾತ್ರಿ ಸಿಸ್ಟರ್ ಪಕ್ಕದಲ್ಲೇ ನಿಂತೆ. ಅವರ ಕೈಯಲ್ಲಿದ್ದದ್ದು ದೊಡ್ಡವರ ವಯಲ್: 2 ಎಂ.ಎಲ್.ನಲ್ಲಿ 250 ಮಿ.ಗ್ರಾಂ. ಅದರಲ್ಲಿ ಈ ಮಗುವಿನ ಪಾಲು 0.1 ಎಂ.ಎಲ್.ಗಿಂತ ಕೂದಲೆಳೆ ಹೆಚ್ಚು. ಅಷ್ಟನ್ನು ಎಳೆದು, ಅದೇ ಸಿರಿಂಜ್‌ಗೆ ಸಲೈನ್ ಎಳೆದು 1 ಎಂ.ಎಲ್. ಮಾಡಿದರು.

ಎಡವಟ್ಟು ಇದ್ದದ್ದು ಅಲ್ಲೇ. ಸಿರಿಂಜ್‌ನ ಗೆರೆ ಹೇಳುವುದು ಕೊಳವೆಯೊಳಗಿನ ಲೆಕ್ಕ ಮಾತ್ರ. ಮೂತಿಯಲ್ಲಿ, ಸೂಜಿಯಲ್ಲಿ ನಿಂತ ಔಷಧಿ ಗೆರೆಗೆ ಸಿಗುವುದಿಲ್ಲ. ಹಿಂದೆಯೇ ಸಲೈನ್ ಎಳೆದಾಗ ಅದೂ ಒಳಗೆ ಬರುತ್ತದೆ. ದೊಡ್ಡವರಿಗೆ ಅದೊಂದು ಹನಿ. ಈ ಮಗುವಿಗೆ ಡೋಸ್ ಒಂದೂವರೆ ಪಟ್ಟಾದರೂ ಆಶ್ಚರ್ಯವಿಲ್ಲ. ಅಮಿಕಾಸಿನ್ ಮಿತಿಮೀರಿದರೆ ಪೆಟ್ಟು ಬೀಳುವುದು ಕಿವಿಗೆ, ಕಿಡ್ನಿಗೆ.

ಹೇಳಿದೆ. "ಇಷ್ಟು ವರ್ಷ ಹೀಗೇ ಮಾಡ್ಕೊಂಡ್ ಬಂದಿದೀವಿ" ಅಂದರು. ವಾದಕ್ಕಿಳಿಯಲಿಲ್ಲ. ಮರುದಿನ ಹಳದಿ ಬಣ್ಣದ ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ ತಂದು ಒಂದನ್ನು ಅವರ ರೀತಿಯಲ್ಲಿ ಬೆರೆಸಿದೆ, ಇನ್ನೊಂದಕ್ಕೆ 0.1 ಎಂ.ಎಲ್. ಎಳೆದು, ಬೇರೆಯಾಗಿ ಅಳೆದಿಟ್ಟ ನೀರಿಗೆ ಬಿಟ್ಟೆ. ಒಂದು ಕಡು ಹಳದಿ, ಇನ್ನೊಂದು ತಿಳಿ. ಇನ್‌ಚಾರ್ಜ್ ಸಿಸ್ಟರ್ ಎರಡನ್ನೂ ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು.

ಆಮೇಲೆ 2 ಎಂ.ಎಲ್.ನಲ್ಲಿ 100 ಮಿ.ಗ್ರಾಂ ಇರುವ ವಯಲ್ ತರಿಸಿದೆವು (ಖರೀದಿ ವಿಭಾಗದ ಗೊಣಗಾಟ ಬೇರೆ ಕಥೆ). ಅದರ 1 ಎಂ.ಎಲ್.ಗೆ 9 ಎಂ.ಎಲ್. ಸಲೈನ್ ಸೇರಿಸಿದರೆ ಎಂ.ಎಲ್.ಗೆ 5 ಮಿ.ಗ್ರಾಂ. 13.5 ಅಂದರೆ 2.7 ಎಂ.ಎಲ್.: ಕಣ್ಣಿಗೆ ಕಾಣುವ, ಕೈಗೆ ಸಿಗುವ ಅಳತೆ. ಅದನ್ನು ಮಗುವಿನ ದಿನದ ದ್ರವದ ಲೆಕ್ಕಕ್ಕೂ ಹಿಡಿಯಬೇಕು.

ಕೆಫೀನ್ ಕಾಟ ಮಾತ್ರ ಇನ್ನೂ ಮುಗಿದಿಲ್ಲ. ಉಸಿರು ನಿಲ್ಲಿಸುವ ಅವಧಿಪೂರ್ವ ಶಿಶುಗಳಿಗೆ ಕೊಡುವುದು ಕೆಫೀನ್ ಸಿಟ್ರೇಟ್. ಅದರ ಒಂದು ಎಂ.ಎಲ್.ನಲ್ಲಿರುವ 20 ಮಿ.ಗ್ರಾಂ ಸಿಟ್ರೇಟ್‌ನಲ್ಲಿ ಕೆಫೀನ್ ಇರುವುದು 10 ಮಾತ್ರ. ಬರಿ "ಕೆಫೀನ್ 18" ಎಂದು ಬರೆದರೆ, ಓದುವವರನ್ನು ಅವಲಂಬಿಸಿ ಮಗುವಿಗೆ 0.9 ಎಂ.ಎಲ್. ಹೋಗಬಹುದು, 1.8 ಕೂಡ ಹೋಗಬಹುದು. ಪ್ರತಿ ಹೊಸ ಬ್ಯಾಚ್ ಪಿಜಿಗಳು (ಸ್ನಾತಕೋತ್ತರ ಓದುತ್ತಿರುವ ವೈದ್ಯರು) ಬಂದಾಗಲೂ ರಾತ್ರಿ ಫೋನ್ ಮಾಡಿ ಕೇಳುತ್ತೇನೆ: "ಡಾಕ್ಟ್ರೇ, ಸಿಟ್ರೇಟ್ ಅಂತ ಸೇರಿಸಿ ಬರೀತೀರಾ?"