ಎಮ್ಯುಲೇಟರ್ ಬಿಟ್ಟು ಫೋನಿನಲ್ಲೇ ಆ್ಯಪ್ ಓಡಿಸಿದೆ: ನನ್ನ ಅನುಭವ

ಫೋನಿನ ಆ್ಯಪ್ ತಯಾರಿಸುವ ಸಾಫ್ಟ್‌ವೇರ್ ಆಂಡ್ರಾಯ್ಡ್ ಸ್ಟುಡಿಯೋ ಹಾಕಿಕೊಂಡು ಮೊದಲ ಆ್ಯಪ್ ಬರೆಯಲು ಕೂತೆ. ಎಮ್ಯುಲೇಟರ್ ತೆರೆದ ಕೂಡಲೇ ನನ್ನ 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ನಿಂತುಬಿಡುತ್ತಿತ್ತು. ಎಮ್ಯುಲೇಟರ್ ಅಂದರೆ ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಇಡೀ ಫೋನ್. ಅದಕ್ಕೂ ಮೆಮೊರಿ ಬೇಕು, ಬರೆದ ಕೋಡನ್ನು ಆ್ಯಪ್ ಆಗಿ ಕಟ್ಟಿಕೊಡುವ ಗ್ರೇಡಲ್‌ಗೂ ಬೇಕು, ಅಲ್ವಾ? ಹೊಸ ಲ್ಯಾಪ್‌ಟಾಪ್ ಕೊಳ್ಳುವ ಬದಲು ಕೈಯಲ್ಲಿದ್ದ ಫೋನನ್ನೇ ಬಳಸಿದೆ.

ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ಗೆ ಹೋಗಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ಅನ್ನುವ, ಆ್ಯಪ್ ಬರೆಯುವವರಿಗಾಗಿ ಇರುವ ಮೆನು ಕಾಣಿಸುತ್ತದೆ. ಕೆಲವು ಫೋನುಗಳಲ್ಲಿ ಈ ನಂಬರ್ ಇನ್ನೂ ಒಳಗಡೆ ಇರುತ್ತದೆ, ಸ್ವಲ್ಪ ಹುಡುಕಬೇಕು. ಆಮೇಲೆ ಯುಎಸ್‌ಬಿ ಡೀಬಗಿಂಗ್ (ಕಂಪ್ಯೂಟರಿನಿಂದ ಫೋನಿಗೆ ಆ್ಯಪ್ ಹಾಕಿ ಪರೀಕ್ಷಿಸಲು ಬಿಡುವ ಸೆಟ್ಟಿಂಗ್) ಆನ್ ಮಾಡಿ, ಕೇಬಲ್ ಹಾಕಿ ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿದೆ. ಆದರೂ ಸ್ಟುಡಿಯೋದಲ್ಲಿ ಫೋನಿನ ಹೆಸರೇ ಇಲ್ಲ. ಕಾರಣ ಕೇಬಲ್! ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದಿಲ್ಲ. ಬೇರೆ ಕೇಬಲ್ ಹಾಕಿದ ತಕ್ಷಣ ಫೋನ್ ಅನುಮತಿ ಕೇಳಿತು. ‘ಅಲೋ’ ಒತ್ತಿದೆ, ಆ್ಯಪ್ ಓಡಿತು. ಎಷ್ಟು ಖುಷಿಯಾಯಿತು ಅಂತೀರಾ!

ಆಂಡ್ರಾಯ್ಡ್ 11 ಅಥವಾ ನಂತರದ ಫೋನಾದರೆ ಕೇಬಲ್ ಇಲ್ಲದೆಯೂ ಆಗುತ್ತದೆ. ಫೋನ್, ಲ್ಯಾಪ್‌ಟಾಪ್ ಎರಡೂ ಒಂದೇ ವೈಫೈನಲ್ಲಿರಲಿ. ವೈರ್‌ಲೆಸ್ ಡೀಬಗಿಂಗ್ ಆನ್ ಮಾಡಿ, ಸ್ಟುಡಿಯೋ ತೋರಿಸುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಡೀಬಗಿಂಗ್ ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದಿಲ್ಲ, ಕೆಲಸ ಮುಗಿದ ಮೇಲೆ ಆಫ್ ಮಾಡಿಬಿಡಿ.