ಗಂಗಾವಳಿ ಏರುವ ಮೊದಲು

2019ರ ಆಗಸ್ಟ್, ಮತ್ತೆ 2021ರ ಜುಲೈ. ಗಂಗಾವಳಿ ನದಿಯ ಎರಡೂ ನೆರೆಯಲ್ಲಿ ಅಂಕೋಲಾ ಕಡೆಯ ಕಾಳಜಿ ಕೇಂದ್ರಗಳಿಗೆ ಅಕ್ಕಿ, ಹೊದಿಕೆ ಬೇಗ ಬಂದವು. ಶಾಲೆಯ ಜಗುಲಿಯಲ್ಲಿ ನಾನು ಬಿಪಿ ನೋಡುತ್ತಿದ್ದೆ. ಒಬ್ಬಳು ಗಂಡಸರೆಲ್ಲ ಊಟಕ್ಕೆ ಏಳುವವರೆಗೆ ಕಾದು ಹತ್ತಿರ ಬಂದಳು: “ಅಕ್ಕೋರೇ, ಗುಳ್ಗಿ ಎಲ್ಲಾ ನೀರಿಗೆ ಹೋಯ್ತು, ಏನ್ ಮಾಡ್ಲಿ?” ಅವಳು ಕೇಳಿದ್ದು ಗರ್ಭನಿರೋಧಕ ಮಾತ್ರೆ. ಪರಿಹಾರದ ಯಾವ ಪಟ್ಟಿಯಲ್ಲೂ ಅದು ಇರಲಿಲ್ಲ.

ಈಗ ನಮ್ಮ ಕೆಲಸ ಮೇ ತಿಂಗಳಲ್ಲೇ ಶುರು. ಆಶಾ ಕಾರ್ಯಕರ್ತೆಯರೊಂದಿಗೆ ಕೂತು, ಮಳೆಗಾಲದಲ್ಲಿ ದಿನ ತುಂಬುವ ಬಸುರಿಯರ ಹೆಸರನ್ನು ಹಳ್ಳದ ಲೆಕ್ಕದಲ್ಲಿ ಬರೆಯುತ್ತೇವೆ: ಯಾವ ಹಳ್ಳ ತುಂಬಿದರೆ ಯಾರ ಮನೆಯ ದಾರಿ ಕಟ್ಟಾಗುತ್ತದೆ ಎಂದು. ಊರಿನ ಹೆಸರಿಟ್ಟುಕೊಂಡರೆ ಇದು ತಿಳಿಯುವುದಿಲ್ಲ. ಒಂದೇ ಊರಿನ ಎರಡು ಕೇರಿಗಳ ನಡುವೆಯೇ ನೀರು ನಿಲ್ಲುತ್ತದೆ. ಅಂಥವರನ್ನು ಹೆರಿಗೆಗೆ ಸಾಕಷ್ಟು ಮುಂಚೆಯೇ ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಕಳಿಸುತ್ತೇವೆ. 2024ರ ಜುಲೈ 16ರಂದು ಶಿರೂರಿನ ಗುಡ್ಡ ಕುಸಿದು ಹೆದ್ದಾರಿ 66 ಬಂದಾದ ಮೇಲೆ ಇನ್ನೊಂದು ಕಾಲಂ ಸೇರಿಸಿದೆವು: ಗುಡ್ಡದ ಆಚೆಯವರಿಗೆ ಕುಮಟಾ, ಈಚೆಯವರಿಗೆ ಅಂಕೋಲಾ.

ಗರ್ಭ ತಡೆಯುವ ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಹೇಳಿದ ದಿನಕ್ಕಿಂತ 2 ವಾರ ಮೊದಲೂ ಕೊಡಬಹುದು, 4 ವಾರದವರೆಗೆ ತಡವಾದರೂ ನಡೆಯುತ್ತದೆ. ಇಷ್ಟು ತಿಳಿದಿದ್ದರೆ ಸಾಕು, ಜೋರು ಮಳೆಯ ಮುನ್ಸೂಚನೆ ಬಂದ ಕೂಡಲೇ ಸಮೀಪದ ದಿನಾಂಕದವರನ್ನೆಲ್ಲ ಕರೆದು ಚುಚ್ಚಿಬಿಡಬಹುದು. ಗರ್ಭನಿರೋಧಕ ಮಾತ್ರೆ ನುಂಗುವವರಿಗೆ ಹೆಚ್ಚುವರಿ ಮಾತ್ರೆ ಸ್ಟ್ರಿಪ್ ಕೊಟ್ಟು, ತಾಯಿ ಕಾರ್ಡಿನ ಜೊತೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಇಡಲು ಹೇಳುತ್ತೇವೆ. ರೇಷನ್ ಕಾರ್ಡ್ ಎತ್ತಿಕೊಂಡು ಓಡುವವರು ಇದನ್ನೂ ಎತ್ತಿಕೊಳ್ಳುತ್ತಾರೆ.

ಹೆರಿಗೆಯ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್‌ಗೆ 2ರಿಂದ 8 ಡಿಗ್ರಿ ತಂಪು ಬೇಕು. ನೆರೆಯಲ್ಲಿ ಕರೆಂಟೆಲ್ಲಿ? ಅದಕ್ಕೇ ಫ್ರಿಜ್ ಬೇಡದ, ಅದೇ ಕೆಲಸದ ಮಿಸೊಪ್ರೊಸ್ಟಾಲ್ ಮಾತ್ರೆ. ಮಗು ಹುಟ್ಟಿದ ಮೇಲೆ, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲವೆಂದು ಖಚಿತ ಮಾಡಿಕೊಂಡು, 200 ಮೈಕ್ರೋಗ್ರಾಮಿನ ಮೂರು ಮಾತ್ರೆ ನುಂಗಿಸಬೇಕು. ಜೊತೆಗೆ ಸೋಪು, ಕೈಗವಸು, ಹೊಸ ಬ್ಲೇಡು, ಹೊಕ್ಕುಳಬಳ್ಳಿಗೆ ದಾರ, ಶುಭ್ರ ಬಟ್ಟೆ, ಹಾಸಲು ಪ್ಲಾಸ್ಟಿಕ್ ಹಾಳೆ.

ಲೈಂಗಿಕ ದೌರ್ಜನ್ಯದ ಮಾತೆತ್ತಿದರೆ “ನಮ್ಮಲ್ಲಿ ಅಂಥದ್ದಿಲ್ಲ” ಎನ್ನುವವರೇ ಹೆಚ್ಚು. ನಾನು ಒಪ್ಪುವುದಿಲ್ಲ. ಸಾಲಾಗಿ ಮಲಗುವ ಹಾಲ್, ಚಿಲಕವಿಲ್ಲದ ಶೌಚಾಲಯ, ಕತ್ತಲು ಇರುವಲ್ಲಿ ಅಪಾಯ ಇದ್ದೇ ಇದೆ. ತುರ್ತು ಗರ್ಭನಿರೋಧಕ ಮಾತ್ರೆ 5 ದಿನದೊಳಗೆ, ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಸಿಗಬೇಕು. ಆದ್ದರಿಂದ ಕೇಂದ್ರ ತೆರೆದ ಮೊದಲ ದಿನವೇ ಒಂದು ಕೋಣೆಯನ್ನು ಹೆಂಗಸರಿಗೆಂದೇ ಕೇಳಿ ಪಡೆಯುತ್ತೇನೆ, ಒಳಗಿನಿಂದ ಚಿಲಕ ಹಾಕಿ ನೋಡುತ್ತೇನೆ.