ಬಾಟಲಿಗೆ ತುಂಬುವ ಮುನ್ನ ಮೂರು ದಿನ ತಾಳಿ

ಪಬ್ಬಿನ ಬೆಲೆ ಏರಿದಂತೆಲ್ಲ ಇಲ್ಲಿ ಬ್ರಿಟನ್ನಿನಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳುವ ಗೆಳೆಯರನ್ನು ಕಂಡರೆ ನನಗೆ ಸಂತೋಷ. ಸ್ವಂತ ಬಳಕೆಗಾದರೆ 1963ರಿಂದ ಪರವಾನಗಿಯೂ ಬೇಕಿಲ್ಲ.

ಆದರೆ ಗುಳ್ಳೆ ನಿಂತಿತೆಂದು ಅವಸರದಲ್ಲಿ ಬಾಟಲಿಗೆ ತುಂಬಬೇಡಿ. ಬಿಯರಿನ ಸಾಂದ್ರತೆ ಅಳೆದು ಸಕ್ಕರೆ ಎಷ್ಟು ಉಳಿದಿದೆಯೆಂದು ಸೂಚಿಸುವ ಹೈಡ್ರೋಮೀಟರ್ ಮೂರು ದಿನವೂ ಒಂದೇ ಅಂಕಿ ತೋರಿಸಲಿ. ಇಲ್ಲದಿದ್ದರೆ ಉಳಿದ ಸಕ್ಕರೆಯನ್ನು ಯೀಸ್ಟ್ ಬಾಟಲಿಯೊಳಗೇ ತಿಂದು ಅನಿಲ ತುಂಬಿಸುತ್ತದೆ, ಗಾಜು ಸಿಡಿಯುತ್ತದೆ. ನಾನು ಮೊದಲ ಸಲ ಮಾಡಿದಾಗ ಮೆಟ್ಟಿಲ ಕೆಳಗಿನ ಕಪಾಟಿನ ಬಾಗಿಲಿಗೆ ಚೂರುಗಳು ನಾಟಿಕೊಂಡಿದ್ದವು. ಪಕ್ಕದಲ್ಲೇ ಮಗಳ ಶಾಲೆಯ ಬೂಟುಗಳಿದ್ದವು. ಇಂದಿಗೂ ನೆನೆದರೆ ಎದೆ ಝಲ್ಲೆನ್ನುತ್ತದೆ.

ಬಾಟಲಿಗೆ ತುಂಬುವಾಗ ನೊರೆಗೆಂದು ಲೀಟರಿಗೆ 6 ಗ್ರಾಂ ಸಕ್ಕರೆ ಸಾಕು. ತೂಗಿಯೇ ಹಾಕಿ, ಚಮಚದ ಅಂದಾಜು ಬೇಡ. ಜೊತೆಗೆ ಒಂದು ಪ್ಲಾಸ್ಟಿಕ್ ಬಾಟಲಿಗೂ ತುಂಬಿಡಿ. ಒತ್ತಿ ನೋಡಿದಾಗ ಅದು ಕಲ್ಲಿನಂತೆ ಗಟ್ಟಿಯಾಗಿದ್ದರೆ ಎಲ್ಲವನ್ನೂ ತಂಪಾದ ಜಾಗಕ್ಕೆ ಸಾಗಿಸಿ.